ಕೇಳಬಲ್ಲವರ ಕಸುಬು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪದವೀಧರ ತರುಣರ ಬಾಯಲ್ಲಿ ಈಚೆಗೆ ಒಂದು ಹುದ್ದೆಯ ಹೆಸರು ಕೇಳಿಬರುತ್ತಿದೆ: ಬಿಸಿನೆಸ್ ಅನಲಿಸ್ಟ್. ವ್ಯವಹಾರ ವಿಶ್ಲೇಷಕ ಎನ್ನೋಣ. ಒಂದು ಸಂಸ್ಥೆಯ ಕೆಲಸ ಈಗ ಹೇಗೆ ನಡೆಯುತ್ತಿದೆ, ಎಲ್ಲಿ ತೊಡಕಿದೆ, ನಿಜವಾಗಿ ಬೇಕಾದುದೇನು ಎಂಬುದನ್ನು ಅರಿತು, ಗಣಕದ ಎಂಜಿನಿಯರಿಗೆ ಸಂದೇಹಕ್ಕೆಡೆಯಿಲ್ಲದಂತೆ ಬರೆದುಕೊಡುವವನು ಅವನು. ಬೆಂಗಳೂರಿಗೆ ಹೋಗಿ ಹಣ ತೆತ್ತು ಸರ್ಟಿಫಿಕೇಟು ತಂದರೆ ಈ ವಿದ್ಯೆ ಕೈವಶವಾಯಿತೆಂದು ನಮ್ಮ ಹುಡುಗರು ನಂಬಿದ್ದಾರೆ. ಅದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ.

ಸರ್ಟಿಫಿಕೇಟನ್ನು ನಾನು ಹಳಿಯುವವನಲ್ಲ. 2003ರಲ್ಲಿ ಕೆನಡಾದ ಟೊರಾಂಟೋದಲ್ಲಿ ಹುಟ್ಟಿದ ಐ.ಐ.ಬಿ.ಎ. ಎಂಬ ಸಂಸ್ಥೆ ಈ ಕಸುಬಿಗೊಂದು ಶಾಸ್ತ್ರಗ್ರಂಥವನ್ನೇ ಹೊರತಂದಿದೆ. ಆದರೆ ಅದೇ ಸಂಸ್ಥೆ ತನ್ನ ಸಿ.ಬಿ.ಎ.ಪಿ. ಎಂಬ ಹಿರಿಯ ಅರ್ಹತೆಗೆ 7,500 ಗಂಟೆಗಳ ಅನುಭವವನ್ನು ಬೇಡುತ್ತದೆ. ಓದಿದ್ದು ಸಾಲದೆಂದು ಶಾಸ್ತ್ರಕಾರರೇ ಒಪ್ಪಿದಂತಾಯಿತಲ್ಲವೆ?

ಕನ್ನಡದಲ್ಲಿ ‘ಕೇಳು’ ಎಂದರೆ ಪ್ರಶ್ನಿಸು ಎಂದೂ ಹೌದು, ಆಲಿಸು ಎಂದೂ ಹೌದು. ಈ ಕಸುಬಿನ ಸಾರವೆಲ್ಲ ಆ ಒಂದು ಕ್ರಿಯಾಪದದಲ್ಲಿದೆ. ಅದನ್ನು ನಾನು ಕಲಿತದ್ದು ತಡವಾಗಿ, ಅದೂ ಪಶ್ಚಾತ್ತಾಪದಿಂದ. ಕೆಲವು ವರ್ಷಗಳ ಹಿಂದೆ ಹಡಗಲಿಯ ಕಡೆಯ ಮಲ್ಲಿಗೆ ಬೆಳೆಗಾರರ ಲೆಕ್ಕಕ್ಕೆಂದು ಹೊರಗಿನ ತರುಣರು ಒಂದು ಗಣಕವ್ಯವಸ್ಥೆಯನ್ನು ಸಿದ್ಧಪಡಿಸಿದರು. ಅದರಲ್ಲಿ ದಿನಕ್ಕೊಂದೇ ಬೆಲೆ. ಕತ್ತಲಿರುವಾಗಲೇ ಬಿಡಿಸಿದ ಬಿಗಿಮೊಗ್ಗಿಗೂ ಬಿಸಿಲೇರಿದ ಮೇಲೆ ಬಂದ ಅರಳಿದ ಹೂವಿಗೂ ಒಂದೇ ದರ ಬಿದ್ದಿತು. ನಿದ್ದೆಗೆಟ್ಟು ದುಡಿದವರಿಗೆ ನಷ್ಟವಾಯಿತು. ಎರಡೇ ತಿಂಗಳಲ್ಲಿ ಅವರು ಹಳೆಯ ನೋಟ್‌ಬುಕ್ಕಿಗೆ ಮರಳಿದರು. ಆ ವ್ಯವಸ್ಥೆಯನ್ನು ಗೊತ್ತುಮಾಡಿದ ಸಭೆಯಲ್ಲಿ ನಾನೂ ಇದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೋಡಿರಿ. ಈ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕವನ್ನೇರಿದವು. ಆ ಸಂಖ್ಯೆಗಿಂತ ನನಗೆ ದೊಡ್ಡದಾಗಿ ಕಾಣುವುದು ಒಂದು ಸಣ್ಣ ನಿಯಮ: ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗತಕ್ಕದ್ದು. ಬಡವನ ಅರ್ಜಿ ಯಾವ ಮೇಜಿನ ಮೇಲೆ ತಂಗುತ್ತದೆ ಎಂಬುದನ್ನು ಬಲ್ಲವರಿಗಲ್ಲದೆ ಈ ನಿಯಮ ಹೊಳೆಯುವಂತಿಲ್ಲ. ಒಂದು ಸಾಲಿನ ವಿಧಿ ಅನ್ಯಾಯವನ್ನೂ ಮಾಡಬಲ್ಲದು, ನ್ಯಾಯವನ್ನೂ ಮಾಡಬಲ್ಲದು.

ಮೈಲಾರದ ಜಾತ್ರೆಯಲ್ಲಿ ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಕಾರ್ಣಿಕ ಒಂದೇ ವಾಕ್ಯ. ಅದಕ್ಕೆ ರೈತ ಮಳೆಯ ಅರ್ಥವನ್ನೂ ರಾಜಕಾರಣಿ ಗದ್ದುಗೆಯ ಅರ್ಥವನ್ನೂ ಹಚ್ಚುತ್ತಾನೆ. ದೈವವಾಣಿಗೆ ಅದು ಸಲ್ಲುತ್ತದೆ, ವ್ಯವಹಾರಕ್ಕೆ ಸಲ್ಲದು. ವಿಶ್ಲೇಷಕನಾದವನು ತಾನು ಅರ್ಥಮಾಡಿಕೊಂಡುದನ್ನು ಬರೆದು, ನುಡಿದವನ ಬಳಿಗೇ ಮರಳಿ, ‘ನೀವು ಹೇಳಿದ್ದು ಇದೇ ಏನು?’ ಎಂದು ಕೇಳಬೇಕು.

ಆದುದರಿಂದ ತರುಣ ಮಿತ್ರರೇ, ಮೊದಲ ಪಾಠಕ್ಕೆ ಬಸ್ಸು ಹತ್ತಬೇಕಾಗಿಲ್ಲ. ಕೊಟ್ಟೂರಿನ ಮಾರುಕಟ್ಟೆಗೆ ಹೋಗಿರಿ. ಒಂದು ಚೀಲ ಮೆಕ್ಕೆಜೋಳ ಬಂಡಿಯಿಂದಿಳಿದು, ತೂಕವಾಗಿ, ದರ ಕಂಡು, ಹಣವಾಗಿ ರೈತನ ಕೈಸೇರುವವರೆಗಿನ ದಾರಿಯನ್ನು ಒಂದು ಹಾಳೆಯ ಮೇಲೆ ಚಿತ್ರಿಸಿರಿ. ಹಮಾಲನನ್ನೂ ದಲಾಲಿಯನ್ನೂ ಗುಮಾಸ್ತನನ್ನೂ ಬೇರೆಬೇರೆಯಾಗಿ ಮಾತಾಡಿಸಿರಿ; ಮೂವರ ಮಾತು ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಲ್ಲಿರಿ. ಬರೆದುದನ್ನು ಅವರಿಗೇ ಓದಿಹೇಳಿರಿ. ಎಕ್ಸೆಲ್, ಎಸ್.ಕ್ಯೂ.ಎಲ್., ತಪ್ಪಿಲ್ಲದ ಇಂಗ್ಲಿಷು ಇವೆಲ್ಲ ಬೇಕೇ ಬೇಕು, ಶ್ರಮಪಟ್ಟರೆ ಬರುತ್ತವೆ. ಆದರೆ ಎದುರಿಗೆ ಕುಳಿತವನು ಹೇಳದೆ ಬಿಟ್ಟುದನ್ನು ಕೇಳಿಸಿಕೊಳ್ಳುವ ಕಿವಿ ಯಾವ ಕೋರ್ಸಿನಲ್ಲಿಯೂ ಮಾರಾಟಕ್ಕಿಲ್ಲ. ಆ ಸಭೆಯಲ್ಲಿ ಅಂಥ ಒಬ್ಬನಿದ್ದಿದ್ದರೆ ನನ್ನ ಮೌನವನ್ನು ಮುರಿಯುತ್ತಿದ್ದನೆಂದು ಇಂದಿಗೂ ನನಗೆ ಅನಿಸುತ್ತದೆ.