‘ಟೇಕ್’ ಅನ್ನೋಕೆ ಇಷ್ಟು ದಿನ ಬೇಕಾಯ್ತು

ನೆಲದಿಂದ ಇಪ್ಪತ್ತು ಅಡಿ ಮೇಲೆ, ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಕೆಗಳನ್ನು ಹಿಡಿದು ಗೋಡೆ ಮೇಲೆ ನಿಂತಿದ್ದೆ. ನಿಂತಿದ್ದೆ ಅನ್ನೋದಕ್ಕಿಂತ ಅಂಟಿಕೊಂಡಿದ್ದೆ ಅನ್ನೋದೇ ಸರಿ. ಬಲಗಾಲು ಹೊಲಿಗೆ ಮಿಷಿನ್ ಥರ ನಡುಗುತ್ತಿತ್ತು. ಎರಡೂ ಮುಂಗೈ ಕಲ್ಲಿನಂತೆ ಬಿಗಿದುಕೊಂಡಿದ್ದವು. ಕೆಳಗೆ ಹಗ್ಗ ಹಿಡಿದು ನಿಂತಿದ್ದ ಟ್ರೇನರ್, ನನಗಿಂತ ಹದಿನೈದು ವರ್ಷವಾದರೂ ಚಿಕ್ಕ ಹುಡುಗ, ಕೂಗಿ ಹೇಳಿದ: “ಮೇಡಂ, ಸುಸ್ತಾದ್ರೆ ಟೇಕ್ ಅನ್ನಿ. ನಾನ್ ಹಿಡ್ಕೊಳ್ತೀನಿ.”

“ಪರವಾಗಿಲ್ಲ, ನಾನ್ ನೋಡ್ಕೊಳ್ತೀನಿ” ಅಂದೆ.

ಅಂದ ಮೂರನೇ ಸೆಕೆಂಡಿಗೆ ಕೈ ಜಾರಿತು.

ಏನೂ ಆಗಲಿಲ್ಲ. ಹಗ್ಗ ಸ್ವಲ್ಪ ಹಿಗ್ಗಿತು, ಒಂದಡಿ ಕೆಳಗೆ ಬಂದೆ, ಉಯ್ಯಾಲೆಯಂತೆ ಆ ಕಡೆ ಈ ಕಡೆ ಎರಡು ಸಲ ತೂಗಾಡಿದೆ. ಅಷ್ಟೇ. ಆದರೆ ಗಂಟಲಿಂದ ಹೊರಟ ಕಿರುಚಾಟಕ್ಕೆ ಹಾಲ್‌ನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಪಕ್ಕದ ಹಗ್ಗದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಹಲ್ಲಿ ಥರ ಸರಸರ ಮೇಲೆ ಹೋಗುತ್ತಾ, “ಆಂಟಿ, ಕಾಲಿಗೆ ಭಾರ ಹಾಕಿ” ಅಂತ ಸಲಹೆ ಕೊಟ್ಟು ಮುಂದಕ್ಕೆ ಹೋದಳು.

ಮೂವತ್ತಾರನೇ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ? ಅಮ್ಮನೂ ಅದನ್ನೇ ಕೇಳಿದ್ದರು. ರಾಕ್ ಕ್ಲೈಂಬಿಂಗ್ ಅಂದ ತಕ್ಷಣ ನಮ್ಮ ಮನೆಯವರಿಗೆ ಕಣ್ಮುಂದೆ ಬರುವುದು ಚಿತ್ರದುರ್ಗದ ಕೋಟೆ ಗೋಡೆಯನ್ನು ಹಗ್ಗವಿಲ್ಲದೆ ಏರುವ ಕೋತಿರಾಜ್. “ನೀನೂ ಕೋತಿರಾಜ್ ಆಗ್ತೀಯೇನೇ? ಮೆಟ್ಲು ಹತ್ತಿದ್ರೆ ಮಂಡಿ ನೋವು ಅಂತೀಯ!” ಅಂದರು. ನಾನು ಮಾಡೋದು ಹಗ್ಗ ಕಟ್ಟಿಕೊಂಡು ಅಂತ ಹೇಳಿದರೂ ಅವರಿಗೆ ಸಮಾಧಾನ ಆಗಲಿಲ್ಲ.

ನಿಜ ಹೇಳಬೇಕೆಂದರೆ ನನಗೂ ಯಾವ ದೊಡ್ಡ ಆಸೆ ಇರಲಿಲ್ಲ. ಆಫೀಸಿನ ಸಹೋದ್ಯೋಗಿ ಕರೆದಳು, ಶನಿವಾರ ಖಾಲಿ ಇತ್ತು, ಹೋದೆ. ಕಾಲೇಜು ಮುಗಿದ ಮೇಲೆ, ಕೆಲಸಕ್ಕೆ ಸಂಬಂಧ ಇಲ್ಲದ ಯಾವುದನ್ನೂ ನಾನು ಮೊದಲಿಂದ ಕಲಿತಿರಲಿಲ್ಲ ಅನ್ನೋದು ಅಲ್ಲಿ ಬಾಡಿಗೆ ಶೂ ಕಟ್ಟಿಕೊಳ್ಳುವಾಗ ಹೊಳೆಯಿತು. ಆ ಶೂ ಬಗ್ಗೆಯೂ ಒಂದು ಮಾತು. ಬೆರಳು ಮಡಚಿಕೊಳ್ಳುವಷ್ಟು ಬಿಗಿ. “ಇದು ಚಿಕ್ಕದಾಯ್ತು” ಅಂದರೆ “ಹಾಗೇ ಇರಬೇಕು” ಅಂತಾರೆ. ಒಳಗೆ ಕಾಲು ಅಲ್ಲಾಡಿದರೆ ಸಣ್ಣ ಅಂಚಿನ ಮೇಲೆ ನಿಲ್ಲೋಕೆ ಆಗಲ್ಲವಂತೆ.

ಮೊದಲ ದಿನ ನಾನು ಮಾಡಿದ ತಪ್ಪು ಎಲ್ಲ ಹೊಸಬರೂ ಮಾಡುವುದೇ. ಹತ್ತೋದು ಕೈಯಿಂದ ಅಂದುಕೊಂಡೆ. ಕನ್ನಡದಲ್ಲಿ ಉಡದ ಹಿಡಿತ ಅನ್ನುತ್ತೇವಲ್ಲ, ಹಾಗೆ ಗಟ್ಟಿಯಾಗಿ ಹಿಡಿದರೆ ಬೀಳಲ್ಲ ಅಂತ ನನ್ನ ಲೆಕ್ಕ. ಆದರೆ ದೇಹದ ಲೆಕ್ಕ ಬೇರೆ. ಮುಂಗೈ ಸ್ನಾಯುಗಳನ್ನು ಪೂರ್ತಿ ಬಿಗಿ ಹಿಡಿದಾಗ, ಅದೇ ಬಿಗಿತಕ್ಕೆ ಒಳಗಿನ ರಕ್ತನಾಳಗಳೂ ಅದುಮಿಕೊಳ್ಳುತ್ತವೆ. ಹೊಸ ರಕ್ತ ಸರಿಯಾಗಿ ಬರಲ್ಲ. ಮುಂಗೈ ಊದಿ ಉರಿಯೋಕೆ ಶುರುವಾಗುತ್ತೆ, ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತೆ. ಕ್ಲೈಂಬರ್‌ಗಳು ಇದಕ್ಕೆ ‘ಪಂಪ್’ ಅನ್ನುತ್ತಾರೆ. ಅಂದರೆ ಎಷ್ಟು ಗಟ್ಟಿ ಹಿಡೀತೀವೋ ಅಷ್ಟು ಬೇಗ ಬೀಳ್ತೀವಿ.

ಅದಕ್ಕೆ ಮದ್ದು ತುಂಬಾ ಸರಳ. ಕೈ ನೇರ ಬಿಡಬೇಕು, ಆಗ ಭಾರ ಸ್ನಾಯುವಿಗಿಂತ ಹೆಚ್ಚಾಗಿ ಮೂಳೆ ಮೇಲೆ ಬೀಳುತ್ತೆ. ಮೊದಲು ಪಾದ ಮೇಲಿಡಬೇಕು, ಆಮೇಲೆ ತೊಡೆಯ ಬಲದಿಂದ ಏಳಬೇಕು. ಕೈ ಇರೋದು ಸಮತೋಲಕ್ಕೆ. ಮತ್ತೆ, ಬಿದ್ದೇ ಬಿಡ್ತೀನಿ ಅನ್ನಿಸೋಕೆ ಮುಂಚೆಯೇ ಒಂದು ಪದ ಹೇಳಬೇಕು. ಟೇಕ್. ಹಾಗಂದರೆ “ಹಗ್ಗ ಬಿಗಿ ಮಾಡಿ, ನನ್ನ ಭಾರ ತಗೊಳ್ಳಿ” ಅಂತ. ಕೆಳಗಿನವರು ಎಳೆದು ಹಿಡೀತಾರೆ, ನಾವು ಕುರ್ಚಿಯಲ್ಲಿ ಕೂತಂತೆ ಹಾರ್ನೆಸ್‌ನಲ್ಲಿ ಕೂತು ಕೈ ಕೊಡವಿಕೊಳ್ಳಬಹುದು. ಒಂದೆರಡು ನಿಮಿಷದಲ್ಲಿ ರಕ್ತ ಮತ್ತೆ ಹರಿಯುತ್ತೆ, ಹತ್ತುವ ಶಕ್ತಿ ವಾಪಸ್ ಬರುತ್ತೆ.

ಕೈ ನೇರ ಬಿಡೋದನ್ನ ನಾನು ಎರಡನೇ ಶನಿವಾರವೇ ಕಲಿತೆ. ಕಾಲು ಉಪಯೋಗಿಸೋದು ಮೂರನೇ ವಾರ ಬಂತು. ಆ ಒಂದು ಪದ ಮಾತ್ರ ಬಾಯಿಂದ ಬರಲೇ ಇಲ್ಲ.

ಯಾಕೆ ಅಂತ ಯೋಚಿಸಿದರೆ ಗೋಡೆ ಬಿಟ್ಟು ಮನೆಗೆ ಬರಬೇಕಾಗುತ್ತೆ. ಹೋದ ವರ್ಷ ಅಪ್ಪನ ಮೊಣಕಾಲಿನ ಆಪರೇಷನ್ ಆಯಿತು. ಅದೇ ಸಮಯಕ್ಕೆ ಆಫೀಸಲ್ಲಿ ಹೊಸ ಪ್ರಾಜೆಕ್ಟ್, ಮಗಳಿಗೆ ಹೊಸ ಸ್ಕೂಲು. ಯಾರು ಏನು ಕೇಳಿದರೂ ನನ್ನ ಉತ್ತರ ಒಂದೇ: ನಾನ್ ನೋಡ್ಕೊಳ್ತೀನಿ. ಮೈಸೂರಿನಲ್ಲಿರುವ ತಮ್ಮ “ನಾನು ಬರ್ಲಾ?” ಅಂದಾಗಲೂ ಅದೇ. ಹಾಗೆ ಹೇಳಿ ಹೇಳಿ, ಬೇರೆ ಏನಾದರೂ ಹೇಳಬಹುದು ಅನ್ನೋದೇ ಮರೆತುಹೋಗಿತ್ತು. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಬಾತ್‌ರೂಮಲ್ಲಿ ನಲ್ಲಿ ತಿರುಗಿಸಿ ಅತ್ತ ದಿನಗಳು ಇದ್ದವು. ಅದು ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ನಾನೇ ನೋಡಿಕೊಂಡಿದ್ದೆ.

ನಾಲ್ಕನೇ ವಾರ ಟ್ರೇನರ್ ನನ್ನ ಕೈಗೆ ಹಗ್ಗ ಕೊಟ್ಟ. ಇನ್ನೊಬ್ಬರು ಹತ್ತುವಾಗ ಕೆಳಗೆ ನಿಂತು ಹಗ್ಗ ನೋಡಿಕೊಳ್ಳುವುದಕ್ಕೆ ‘ಬಿಲೇ’ ಅನ್ನುತ್ತಾರೆ. ಹತ್ತೋಕೆ ಮುಂಚೆ ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷೆ ಮಾಡಲೇಬೇಕು. ಸೊಂಟದ ಬಕಲ್ ಬಿಗಿಯಾಗಿದೆಯಾ, ಎಂಟರ ಆಕಾರದ ಗಂಟು ಸರಿಯಾಗಿ ಕೂತಿದೆಯಾ, ಕ್ಯಾರಬಿನರ್ ಲಾಕ್ ಆಗಿದೆಯಾ, ಹಗ್ಗ ಬಿಲೇ ಸಾಧನದಲ್ಲಿ ಸರಿ ದಿಕ್ಕಿಗೆ ಹೋಗಿದೆಯಾ. ವರ್ಷಗಟ್ಟಲೆ ಹತ್ತಿದವರೂ ಇದನ್ನು ಪ್ರತಿ ಸಲ ಮಾಡ್ತಾರೆ. ಆ ಕೈಯಗಲದ ಕ್ಯಾರಬಿನರ್ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ ಭಾರ ತಡೆಯುವಂತೆ ಮಾಡಿರುತ್ತಾರೆ. ಸಾಮಾನು ಗಟ್ಟಿ ಇರುತ್ತೆ. ತಪ್ಪು ಆಗೋದು ಹೆಚ್ಚಾಗಿ ಮನುಷ್ಯರ ಅವಸರದಿಂದ. ಅದಕ್ಕೇ ಈ ಪರೀಕ್ಷೆ.

ನನ್ನ ಸಹೋದ್ಯೋಗಿ ಹತ್ತೋಕೆ ಶುರು ಮಾಡಿದಳು. ಬ್ರೇಕ್ ಹಿಡಿದ ಕೈ ಯಾವ ಕಾರಣಕ್ಕೂ ಹಗ್ಗ ಬಿಡಬಾರದು ಅನ್ನೋದು ಮೊದಲ ನಿಯಮ. ಹಾಗಾಗಿ ಮೂಗು ತುರಿಸಿದರೂ ನಾನು ಅಲ್ಲಾಡಲಿಲ್ಲ. ನನ್ನ ಹಿಂದೆ ಟ್ರೇನರ್ ಹಗ್ಗದ ತುದಿ ಹಿಡಿದು ನಿಂತಿದ್ದ, ನಾನು ತಪ್ಪಿದರೂ ಅವಳು ಬೀಳದಂತೆ. ಮೂವತ್ತು ಅಡಿ ಹತ್ತಿರ ಅವಳು ನಿಂತಳು. ಕಾಲು ನಡುಗೋದು ಕೆಳಗಿಂದಲೇ ಕಾಣುತ್ತಿತ್ತು. ಅವಳೂ ನನ್ನಂತೆಯೇ, ಮಾತಾಡ್ತಿಲ್ಲ. “ಹೇಳೇ, ಹೇಳು” ಅಂತ ನಾನು ಮನಸ್ಸಲ್ಲೇ ಬೇಡಿಕೊಳ್ಳುತ್ತಿದ್ದೆ. ಕೊನೆಗೆ “ಟೇಕ್!” ಅಂದಳು. ಹಗ್ಗ ಎಳೆದು ಬಿಗಿ ಮಾಡಿದೆ, ಅವಳು ಕೂತಳು.

ಅವಳ ಪೂರ್ತಿ ತೂಕ ನನ್ನ ಹಗ್ಗದಲ್ಲಿತ್ತು. ನನ್ನ ಕೈಗೆ ಬಂದ ಭಾರ ಮಾತ್ರ ಒಂದು ತರಕಾರಿ ಚೀಲದಷ್ಟೂ ಇರಲಿಲ್ಲ. ಹಗ್ಗ ಮೇಲಿನ ಆಂಕರ್ ಸುತ್ತಿ ಬರುತ್ತೆ, ಬಿಲೇ ಸಾಧನದಲ್ಲಿ ಮಡಚಿ ಉಜ್ಜಿಕೊಂಡು ಬರುತ್ತೆ, ಉಳಿದ ಎಳೆತವನ್ನು ನನ್ನ ಮೈತೂಕ ಹಾರ್ನೆಸ್ ಮೂಲಕ ತಡೆಯುತ್ತೆ. ಕೈಗೆ ಉಳಿಯೋದು ಸ್ವಲ್ಪವೇ. ಮೇಲಿದ್ದಾಗ ನಾನು ಅಂದುಕೊಂಡಿದ್ದು, ನನ್ನ ಭಾರ ಹೊರಿಸಿದರೆ ಪಾಪ ಕೆಳಗಿರೋನಿಗೆ ಕಷ್ಟ ಅಂತ. ಕೆಳಗೆ ನಿಂತಾಗ ಗೊತ್ತಾಯಿತು, ಹಿಡಿಯೋದು ಕಷ್ಟವೇ ಅಲ್ಲ. ಹೇಳದೆ ನಡುಗುತ್ತಾ ನಿಂತವರನ್ನು ನೋಡೋದು ಕಷ್ಟ.

ಐದನೇ ವಾರ ನಮ್ಮನ್ನು ನಿಜವಾದ ಬಂಡೆಗೆ ಕರೆದುಕೊಂಡು ಹೋದರು, ರಾಮನಗರಕ್ಕೆ. 1975ರ ‘ಶೋಲೆ’ಯಲ್ಲಿ ಗಬ್ಬರ್ ಸಿಂಗ್ ಓಡಾಡಿದ ಆ ಬಂಡೆಗಳನ್ನು ಮೈಸೂರು ರೈಲಿನ ಕಿಟಕಿಯಿಂದ ನೂರು ಸಲ ನೋಡಿದ್ದೆ. ಹತ್ತಿರ ಹೋಗಿ ಮುಟ್ಟಿದ್ದು ಅದೇ ಮೊದಲು. ಬ್ರಿಟಿಷರ ಕಾಲದಲ್ಲಿ ರಾಮನಗರದ ಹೆಸರು ಕ್ಲೋಸ್‌ಪೇಟೆ. ಆ ಹೆಸರು ಭೂವಿಜ್ಞಾನದಲ್ಲಿ ಇವತ್ತಿಗೂ ಇದೆ, ಕ್ಲೋಸ್‌ಪೇಟ್ ಗ್ರಾನೈಟ್ ಅಂತ. ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಮುಂದೆ ನನ್ನ ಮೂವತ್ತಾರು ಏನೂ ಅಲ್ಲ ಅಂತ ಸಮಾಧಾನ ಮಾಡಿಕೊಂಡೆ. ರಾಮದೇವರ ಬೆಟ್ಟ ಈಗ ರಣಹದ್ದುಗಳ ಧಾಮ, ಅಲ್ಲಿನ ಬಂಡೆಗಳಲ್ಲಿ ಅವು ಗೂಡು ಕಟ್ಟುತ್ತವೆ. ಹಾಗಾಗಿ ನಮ್ಮನ್ನು ಕರೆದೊಯ್ದಿದ್ದು ಬೇರೆ ಗುಡ್ಡಕ್ಕೆ.

ಒಳಾಂಗಣದ ಗೋಡೆಯಲ್ಲಿ ಎಲ್ಲಿ ಹಿಡೀಬೇಕು ಅಂತ ಬಣ್ಣ ಹೇಳುತ್ತೆ. ಇಲ್ಲಿ ಬಣ್ಣ ಇಲ್ಲ, ಹಿಡಿಕೆಯೂ ಇಲ್ಲ. ಬೋಳು ಇಳಿಜಾರು ಬಂಡೆ, ಅಲ್ಲಲ್ಲಿ ಉಗುರಿನಷ್ಟು ಉಬ್ಬು. ಭಯಕ್ಕೆ ಬಂಡೆಯನ್ನು ತಬ್ಬಿಕೊಂಡರೆ ಪಾದದ ಮೇಲಿನ ಭಾರ ಕಡಿಮೆಯಾಗಿ ಜಾರುತ್ತೀವಿ. ಸೊಂಟ ಹೊರಗಿಟ್ಟು, ಮೈಭಾರವನ್ನೆಲ್ಲ ಪಾದಕ್ಕೆ ಕೊಟ್ಟರೆ ರಬ್ಬರ್ ಕಚ್ಚಿಕೊಳ್ಳುತ್ತೆ. ಹೆದರಿಕೆ ಏನು ಮಾಡು ಅನ್ನುತ್ತೋ ಅದರ ಉಲ್ಟಾ ಮಾಡಬೇಕು. ಮುಕ್ಕಾಲು ದೂರ ಹೋದೆ. ಆಮೇಲೆ ಮುಂದಿನ ಹೆಜ್ಜೆ ಎಲ್ಲಿ ಇಡಬೇಕೋ ಕಾಣಲಿಲ್ಲ. ಕಾಲು ಮತ್ತೆ ಹೊಲಿಗೆ ಮಿಷಿನ್ ಆಯಿತು. ಬೆವರು ಕಣ್ಣಿಗೆ ಇಳಿಯಿತು. ಕೆಳಗೆ ನೋಡಿದರೆ ಜನ ಸಣ್ಣಗೆ ಕಾಣುತ್ತಿದ್ದರು. ಬಾಯಿಗೆ ‘ನಾನ್ ನೋಡ್ಕೊ’ ತನಕ ಬಂದಿತ್ತು.

“ಟೇಕ್!” ಅಂದೆ. ಕೂಗು ಜೋರಾಗಿಯೇ ಬಂತು.

ಹಗ್ಗ ಬಿಗಿಯಿತು. ಕೂತೆ. ಕೈ ಎರಡೂ ಬಿಟ್ಟೆ. ಮೊದಲ ಸಲ ಸುತ್ತ ನೋಡಿದೆ. ಕೆಳಗೆ ಮಾವಿನ ತೋಪು, ದೂರದಲ್ಲಿ ಹೆದ್ದಾರಿ, ಬಿಸಿಲಿಗೆ ಬೆಚ್ಚಗಾದ ಬಂಡೆ ಬೆನ್ನು. ಎರಡು ನಿಮಿಷ ಆದ ಮೇಲೆ ನೋಡಿದರೆ, ಎಡಗಡೆ ಮಂಡಿ ಎತ್ತರಕ್ಕೆ ಒಂದು ಸಣ್ಣ ಉಬ್ಬು ಇತ್ತು. ಅಷ್ಟು ಹೊತ್ತೂ ಅಲ್ಲೇ ಇದ್ದಿದ್ದು. ಬಿಗಿ ಹಿಡಿದು ನಿಂತಾಗ ಕಂಡಿರಲಿಲ್ಲ.

ತುದಿ ಮುಟ್ಟೋ ಹೊತ್ತಿಗೆ ಇನ್ನೂ ಎರಡು ಸಲ ಟೇಕ್ ಅಂದಿದ್ದೆ. ಪರಿಣತರ ಲೆಕ್ಕದಲ್ಲಿ ಅದು ಸರಿಯಾಗಿ ಹತ್ತಿದ್ದೇ ಅಲ್ಲ, ಹಗ್ಗದ ಮೇಲೆ ಕೂತರೆ ಎಣಿಕೆಗೆ ಬರಲ್ಲ. ಇರಲಿ. ನನ್ನ ಲೆಕ್ಕದಲ್ಲಿ ಮೂರು ಸಲ ಕೇಳಿದ್ದೇ ದೊಡ್ಡ ವಿಷಯ.

ನಿಮಗೂ ಹೋಗಬೇಕು ಅನ್ನಿಸಿದ್ದರೆ ನಾಲ್ಕು ಮಾತು. ಮೊದಲು ಒಳಾಂಗಣ ಗೋಡೆಯಲ್ಲಿ ಶುರು ಮಾಡಿ, ಶೂ ಹಾರ್ನೆಸ್ ಎಲ್ಲ ಬಾಡಿಗೆಗೆ ಸಿಗುತ್ತೆ, ಮೊದಲ ದಿನವೇ ಕೊಳ್ಳಬೇಡಿ. ಯೂಟ್ಯೂಬ್ ನೋಡಿ ಬಿಲೇ ಕಲಿಯಬೇಡಿ, ಅದನ್ನು ಗೊತ್ತಿರುವವರ ಎದುರು ನಿಂತೇ ಕಲಿಯಬೇಕು. ದೊಡ್ಡವರಾದ ಮೇಲೆ ಶುರು ಮಾಡುವವರಿಗೆ ಇನ್ನೊಂದು ಎಚ್ಚರ: ಸ್ನಾಯು ಬೇಗ ಗಟ್ಟಿಯಾಗುತ್ತೆ, ಬೆರಳಿನ ಸ್ನಾಯುರಜ್ಜು ನಿಧಾನಕ್ಕೆ ಹೊಂದಿಕೊಳ್ಳುತ್ತೆ. ಎರಡು ತಿಂಗಳಲ್ಲಿ ಶಕ್ತಿ ಬಂತು ಅಂತ ಬೆರಳ ತುದಿಯಲ್ಲಿ ನೇತಾಡಬೇಡಿ. ನಡುವೆ ವಿಶ್ರಾಂತಿಯ ದಿನ ಇರಲಿ. ಹಗ್ಗವಿಲ್ಲದೆ ಹತ್ತುವವರ ವಿಡಿಯೋ ಎಷ್ಟೇ ಚೆನ್ನಾಗಿದ್ದರೂ ಅದು ಬೇರೆಯೇ ಲೋಕ, ನೋಡಿ ಲೈಕ್ ಕೊಟ್ಟು ಸುಮ್ಮನಾಗಿ.

ರಾಮನಗರದಿಂದ ವಾಪಸ್ ಬರುವಾಗ ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ನಿಲ್ಲಿಸಿದ್ದರು. ಬೆರಳು ಎಷ್ಟು ಸೋತಿತ್ತೆಂದರೆ ಚಮಚ ಹಿಡಿಯೋದೇ ಕಷ್ಟ. ಅದೇ ಬೆರಳಲ್ಲಿ ತಮ್ಮನಿಗೆ ಫೋನ್ ಮಾಡಿದೆ.

“ಮುಂದಿನ ತಿಂಗಳಿಂದ ಅಪ್ಪನ ಫಿಸಿಯೋಥೆರಪಿಗೆ ವಾರಕ್ಕೊಂದು ದಿನ ನೀನು ಬರೋಕಾಗುತ್ತಾ? ನನಗೆ ಒಬ್ಬಳಿಗೇ ಆಗ್ತಿಲ್ಲ.”

ಆ ಕಡೆ ಸ್ವಲ್ಪ ಹೊತ್ತು ಮೌನ. ಬೇಜಾರಾದನಾ ಅಂದುಕೊಂಡೆ.

“ಶನಿವಾರ ಬರ್ತೀನಿ” ಅಂದ. ಆಮೇಲೆ, “ಅಲ್ಲಕ್ಕಾ, ವರ್ಷದಿಂದ ಕೇಳ್ತಿದ್ದೀನಿ. ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?”

ಉತ್ತರ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. “ಇಡ್ಲಿ ಆರ್ತಿದೆ, ಆಮೇಲೆ ಮಾತಾಡ್ತೀನಿ” ಅಂತ ಫೋನ್ ಇಟ್ಟೆ.