ಜಾತಿ ನಾಯಿ: ಕಾಗದ ನೋಡಿ ಕೊಂಡವರಿಗೆ ರೋಗ ಬಳುವಳಿ

ನಾಯಿಗಳಲ್ಲಿ ಜನ ಕಂಡಿರೋದು ಎರಡೇ ಬಗೆ. ಒಂದು ಬೀದಿ ನಾಯಿ, ಇನ್ನೊಂದು ಜಾತಿ ನಾಯಿ. ಬೀದಿ ನಾಯಿಗೆ ಕಲ್ಲು, ಜಾತಿ ನಾಯಿಗೆ ಹಾಲು-ಬ್ರೆಡ್ಡು. ಬೀದಿ ನಾಯಿಯ ಅಪ್ಪ ಯಾರು ಅಂತ ಯಾರೂ ಕೇಳುವುದಿಲ್ಲ. ಜಾತಿ ನಾಯಿಗೆ ಮಾತ್ರ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಬರೆದ ಕಾಗದ ಬೇಕು. ಕಾಗದ ಇದ್ದರೆ ಮರಿಯ ರೇಟೇ ಬೇರೆ. ಆದರೆ ಆ ಅಜ್ಜ ಮುತ್ತಜ್ಜಂದಿರು ಮರಿಗೆ ಬಿಟ್ಟು ಹೋದದ್ದು ಹೆಸರು ಮಾತ್ರವೋ, ಜೊತೆಗೆ ರೋಗವೂ ಉಂಟೋ? ಅದನ್ನು ಕಾಗದ ಹೇಳುವುದಿಲ್ಲ.

ಬಾಗಲಕೋಟೆ ಜಿಲ್ಲೆಗೆ ಇದು ಯಾರದೋ ಮನೆಯ ಮಾತಲ್ಲ. ದೇಶಕ್ಕೆಲ್ಲ ಹೆಸರು ಹೇಳುವ ಮುಧೋಳ ನಾಯಿಯ ತವರು ಇದೇ ಜಿಲ್ಲೆ. ಹೊರಗಿನ ಜಾತಿ ನಾಯಿಗಳಿಗೆ ಆದ ಗತಿ ಮುಧೋಳ ನಾಯಿಗೂ ಆಗಬಾರದು ಎಂದರೆ, ಆ ಗತಿ ಹೇಗೆ ಬಂತು ಅನ್ನೋದನ್ನು ಮೊದಲು ತಿಳಿಯಬೇಕು.

ಬಾಗಿಲು ಹಾಕಿದ ಮನೆ

ಜಾತಿ ನಾಯಿ ದೇವರು ಮಾಡಿದ್ದಲ್ಲ, ಮನುಷ್ಯ ಮಾಡಿದ್ದು. ಇಂಗ್ಲೆಂಡಿನಲ್ಲಿ 1873ರಲ್ಲಿ ಕೆನಲ್ ಕ್ಲಬ್ ಹುಟ್ಟಿತು. ತಳಿಗೊಂದು ದಫ್ತರ ಬಂತು. ಕಾಲ ಕಳೆದಂತೆ ಅಪ್ಪ-ಅವ್ವ ಇಬ್ಬರ ಹೆಸರೂ ದಫ್ತರದಲ್ಲಿದ್ದರೆ ಮಾತ್ರ ಮರಿ ಜಾತಿಯದು, ಇಲ್ಲದಿದ್ದರೆ ಕಂತ್ರಿ ಎಂಬ ಕಟ್ಟಳೆ ಗಟ್ಟಿಯಾಯಿತು. ಹೊರಗಿನ ರಕ್ತಕ್ಕೆ ಬಾಗಿಲು ಬಿತ್ತು. ಕೊಡುವುದು ತರುವುದು ಎಲ್ಲ ಒಳಗೊಳಗೇ. ಪ್ರದರ್ಶನದಲ್ಲಿ ಬಹುಮಾನ ಗೆದ್ದ ಗಂಡು ನಾಯಿಗೇ ಎಲ್ಲರ ಕರೆ. ಕೆಲವೇ ತಲೆಮಾರಿನೊಳಗೆ ತಳಿಯೆಲ್ಲ ಒಂದೇ ಮನೆಯ ಬಂಧು-ಬಳಗ.

ಇದರಿಂದ ಕೆಡುವುದೇನು? ಲೆಕ್ಕ ಸರಳವಾಗಿದೆ. ಪ್ರತಿ ಮರಿಯೂ ಅವ್ವನಿಂದ ಒಂದು ಕಂತೆ ಚೀಟಿ, ಅಪ್ಪನಿಂದ ಒಂದು ಕಂತೆ ಚೀಟಿ ತಂದಿರುತ್ತದೆ. ವೈದ್ಯರು ಜೀನ್ ಅನ್ನೋದು ಈ ಚೀಟಿಗೇ. ಎಷ್ಟೋ ರೋಗಗಳಲ್ಲಿ ಒಂದು ಚೀಟಿ ಕೆಟ್ಟಿದ್ದರೂ ಇನ್ನೊಂದು ಸರಿ ಇದ್ದರೆ ಕೆಲಸ ನಡೆಯುತ್ತದೆ. ನಾಯಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಅಂಥ ಎರಡು ನಾಯಿ ಕೂಡಿದಾಗ ಗುಟ್ಟು ಬಯಲಾಗುತ್ತದೆ. ಸರಾಸರಿ ನಾಲ್ಕು ಮರಿಗೆ ಒಂದು ಮರಿ ಎರಡೂ ಕೆಟ್ಟ ಚೀಟಿ ಹೊತ್ತು ಹುಟ್ಟುತ್ತದೆ, ಅದಕ್ಕೆ ರೋಗ ತಪ್ಪಿದ್ದಲ್ಲ. ಇನ್ನೆರಡು ಒಂದೊಂದು ಕೆಟ್ಟ ಚೀಟಿ ಬಚ್ಚಿಟ್ಟುಕೊಂಡು ಮುಂದಿನ ತಲೆಮಾರಿಗೆ ದಾಟಿಸುತ್ತವೆ. ಒಂದು ಮಾತ್ರ ಪೂರಾ ಪಾರು. ಬೇರೆ ಬೇರೆ ಮನೆತನದ ನಾಯಿಗಳಲ್ಲಿ ಒಂದೇ ಬಗೆಯ ಕೆಟ್ಟ ಚೀಟಿ ಎದುರುಬದುರಾಗುವುದು ಕಡಿಮೆ. ಒಂದೇ ಮನೆತನದಲ್ಲಾದರೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಬೀದಿ ನಾಯಿಗೆ ರೋಗವೇ ಇಲ್ಲ ಅಂತಲ್ಲ. ಆದರೆ ಅಪ್ಪನ ಹೆಸರು ಗೊತ್ತಿಲ್ಲದ ಆ ಬಡಪಾಯಿಗೆ ಈ ಒಂದು ಗಂಡಾಂತರ ಕಡಿಮೆ.

ಚುಕ್ಕೆ ನಾಯಿಯ ಕತೆ

ಬಿಳಿ ಮೈಮೇಲೆ ಕರಿ ಚುಕ್ಕೆ ಇರುವ ಡಾಲ್ಮೇಷಿಯನ್ ನಾಯಿಯನ್ನು ಸಿನಿಮಾದಲ್ಲಿ ಕಂಡವರು ಬಹಳ. ಈ ತಳಿಯಲ್ಲಿ ಒಂದು ಕೆಟ್ಟ ಚೀಟಿ ಎಷ್ಟು ಹಬ್ಬಿತ್ತೆಂದರೆ, ಶುದ್ಧ ಜಾತಿ ಅನ್ನಿಸಿಕೊಂಡ ನಾಯಿಗಳೆಲ್ಲ ಎರಡೂ ಕೆಟ್ಟ ಚೀಟಿಯವೇ. ಉಚ್ಚೆಯಲ್ಲಿ ಯೂರಿಕ್ ಆಮ್ಲ ಹೆಚ್ಚು. ಎಲ್ಲಕ್ಕೂ ಕಲ್ಲು ಕಟ್ಟದಿದ್ದರೂ, ಕಟ್ಟಿದ ಗಂಡು ನಾಯಿ ಉಚ್ಚೆ ನಿಂತು ಒದ್ದಾಡಿ ಸಾಯುವುದುಂಟು. ಒಳಗೆ ಒಳ್ಳೆಯ ಚೀಟಿಯೇ ಇಲ್ಲದ ಮೇಲೆ ಆರಿಸುವುದು ಯಾವುದನ್ನು?

1973ರಲ್ಲಿ ಅಮೆರಿಕದ ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯನ್ನು ಬೆರೆಸಿದರು. ಹುಟ್ಟಿದ ಮರಿಗಳನ್ನು ಮತ್ತೆ ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸುತ್ತಾ ಬಂದರು. ಕೆಲವು ತಲೆಮಾರಿಗೆ ಚುಕ್ಕೆ ಅದೇ, ಮೈಕಟ್ಟು ಅದೇ, ಕಲ್ಲಿನ ಕಾಟ ಮಾತ್ರ ಇಲ್ಲದ ಮರಿಗಳು ಬಂದವು. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಅಂಥ ಎರಡು ನಾಯಿಗಳ ಹೆಸರು ಬರೆದುಕೊಂಡಿತು. ತಳಿಯ ಸಂಘದವರು ಜಾತಿ ಕೆಟ್ಟಿತು ಅಂತ ಎದ್ದು ನಿಂತರು. ಬಾಗಿಲು ಮತ್ತೆ ಬಿತ್ತು, ತೆರೆದದ್ದು 2011ರಲ್ಲಿ. ಮದ್ದು ಕೈಯಲ್ಲಿದ್ದೂ ಸುಮಾರು 30 ವರ್ಷ ನಾಯಿಗಳು ನರಳಿದವು. ಕಾರಣ ಜಾತಿಯ ಒಣ ಪ್ರತಿಷ್ಠೆ, ಮತ್ತೇನಲ್ಲ.

ಪೇಟೆಯಲ್ಲಿ ಸಿಗುವ ಸರಕು

ಉಳಿದ ತಳಿಗಳದ್ದೂ ಒಂದೊಂದು ಗೋಳು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ರೋಗ. ಇದರಲ್ಲಿ ಹಲವು ಜೀನುಗಳ ಕೈವಾಡವಿದೆ, ಮರಿಗೆ ಅತಿಯಾಗಿ ತಿನ್ನಿಸಿ ಕೊಬ್ಬಿಸಿದರೆ ಇನ್ನೂ ಕೇಡು. ಲ್ಯಾಬ್ರಡಾರ್ ಮತ್ತು ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಮೊದಲು ಇರುಳುಗುರುಡು, ಆಮೇಲೆ ಪೂರಾ ಕುರುಡಾಗುವ ವಂಶದ ರೋಗವುಂಟು. ಡಾಬರ್‌ಮನ್‌ಗೆ ಹೃದಯ ಹಿಗ್ಗುವ ರೋಗ. ಚೆನ್ನಾಗಿಯೇ ಇದ್ದ ನಾಯಿ ಒಂದು ದಿನ ಬಿದ್ದು ಸತ್ತರೆ ವಿಷ ಹಾಕಿದರು ಅಂತ ನೆರೆಯವರ ಮೇಲೆ ಗುಮಾನಿ ಬೇರೆ.

ಪಗ್‌ನದು ಇನ್ನೂ ವಿಚಿತ್ರ. ಅದರ ಅಂದವೇ ಅದರ ರೋಗ. 2003ರಲ್ಲಿ ಮೊಬೈಲ್ ಫೋನಿನ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಮೇಲೆ ಈ ನಾಯಿಗೆ ದೇಶದಲ್ಲೆಲ್ಲ ಗಿರಾಕಿ. ಚಪ್ಪಟೆ ಮೂತಿ ನೋಡಲು ಮುದ್ದು, ಆದರೆ ಗಾಳಿ ಹೋಗುವ ದಾರಿ ಕಿರಿದು. ನಾಯಿ ಬೆವರಿ ತಂಪಾಗುವ ಪ್ರಾಣಿಯಲ್ಲ, ತೇಕಿ ತಂಪಾಗಬೇಕು. ತೇಕಲಿಕ್ಕೇ ಆಗದ ನಾಯಿಯನ್ನು ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ತಂದು ಕಟ್ಟಿದರೆ ಅದರ ಪಾಡೇನು?

ಮಾರುವವನ ಮಾತು ಒಂದೇ: "ಕಾಗದ ಐತ್ರಿ ಸಾವ್ಕಾರ್ರ, ಅಪ್ಪ ಚಾಂಪಿಯನ್ ಅದಾನ, ಚಿಂತಿ ಮಾಡಬ್ಯಾಡ್ರಿ." ಎರಡು ತಿಂಗಳ ಮರಿಯಲ್ಲಿ ಸೊಂಟವೂ ಸರಿ, ಕಣ್ಣೂ ಸರಿ. ರೋಗ ತಲೆ ಎತ್ತುವುದು ವರ್ಷಗಳ ಮೇಲೆ. ಅಷ್ಟರಲ್ಲಿ ಮಾರಿದವನ ಫೋನ್ ನಂಬರೂ ಬದಲು.

ಮುಧೋಳಕ್ಕೆ ಪಾಠ

ಮುಧೋಳ ನಾಯಿಯನ್ನು ಹಳ್ಳಿಗಳಲ್ಲಿ ಸಾಕಿದವರು ಬೇಟೆಗೆ, ಕಾವಲಿಗೆ ಸಾಕಿದರು. ಓಡಲಾರದ ನಾಯಿ, ಕಣ್ಣು ಮಂದವಾದ ನಾಯಿ ಬೇಟೆಗೆ ಬಾರದು, ಅದರ ಮರಿ ಯಾರಿಗೂ ಬೇಡ. ಹೊಲವೇ ಪರೀಕ್ಷೆಯ ಮನೆ, ಮೊಲವೇ ಪರೀಕ್ಷಕ. ಸಂಸ್ಥಾನದ ರಾಜ ಮಾಲೋಜಿರಾವ ಘೋರ್ಪಡೆಯವರು ಈ ತಳಿಗೆ ಆಸರೆಯಾದರು. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರ ರೇಡಿಯೊ ಭಾಷಣದಲ್ಲಿ ಹೆಸರು ಕೇಳಿಬಂತು.

ಹೆಸರು ಬಂದಲ್ಲಿ ಗಿರಾಕಿ ಬರುತ್ತಾನೆ, ಗಿರಾಕಿ ಬಂದಲ್ಲಿ ಅವಸರ. ಈಗ ನಾಯಿಯನ್ನು ಆರಿಸುವುದು ಹೊಲವಲ್ಲ, ಕೊಳ್ಳುವವನ ಕಣ್ಣು. ಉದ್ದ ಮೂತಿ, ಬಡಕಲು ನಡ ಕಂಡರೆ ಸಾಕು. ಚಂದ ಕಂಡ ಒಂದೇ ಗಂಡಿಗೆ ಸುತ್ತಲಿನ ಹೆಣ್ಣೆಲ್ಲ ಬಂದರೆ, ಅದರ ಮಕ್ಕಳು ಮೊಮ್ಮಕ್ಕಳೇ ಮತ್ತೆ ಕೂಡಿದರೆ, ಇಂಗ್ಲೆಂಡಿನಲ್ಲಿ ನೂರು ವರ್ಷದಲ್ಲಿ ಆದದ್ದು ಇಲ್ಲಿ ಬೇಗನೇ ಆದೀತು. ಗ್ರೇಹೌಂಡ್ ಬೆರೆಸಿ ಮುಧೋಳ ಅಂತ ಮಾರುವುದು ಇದಕ್ಕೆ ಮದ್ದಲ್ಲ, ಅದು ಮೋಸ. ಶೈಬಲ್ ಬೆರೆಸಿದ್ದು ರೋಗ ಕಳೆಯಲು, ಎಲ್ಲರಿಗೂ ಹೇಳಿ, ಲೆಕ್ಕ ಇಟ್ಟು.

ತನ್ನ ಮಗಳನ್ನೇ ಕೂಡಬಾರದು ಅಂತ ರೈತ ಬೀಜದ ಹೋರಿಯನ್ನು ಬದಲಿಸುತ್ತಾನೆ. ಆಕಳಿಗೆ ಇರುವ ಈ ಬುದ್ಧಿ ನಾಯಿಗೂ ಬೇಕು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಊರೂರಿನ ಸಾಕಣೆದಾರರು ಯಾವ ಗಂಡು ಯಾರ ಮಗ, ಯಾವ ಹೆಣ್ಣಿಗೆ ಕೂಡಿತು, ಯಾವ ಮರಿ ಏನಾಗಿ ಸತ್ತಿತು ಎಂದು ಬರೆದಿಟ್ಟು ಕೇಂದ್ರದ ಜೊತೆ ಕೈಗೂಡಿಸಿದರೆ ಅದೇ ನಿಜವಾದ ದಫ್ತರ. ಮರಿ ಮಾರಿ ಮನೆ ನಡೆಸುವ ಬಡವರಿಗೆ ಇದು ಹೊಟ್ಟೆಯ ಪ್ರಶ್ನೆಯೂ ಹೌದು. ತಳಿಗೆ ರೋಗದ ಹೆಸರು ಅಂಟಿದರೆ ಮೊದಲು ಆರುವುದು ಅವರ ಒಲೆ.

ಕಾನೂನೂ ಇದೆ. 2017ರ ಕೇಂದ್ರದ ನಿಯಮದಂತೆ ನಾಯಿ ತಳಿ ಬೆಳೆಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 18 ತಿಂಗಳು ತುಂಬದ ಹೆಣ್ಣಿನಿಂದ ಮರಿ ಹಾಕಿಸಬಾರದು. 8 ವಾರ ಆಗದ ಮರಿ ಮಾರಬಾರದು. ಮರಿ ಕೊಳ್ಳುವವರು ನೋಂದಣಿ ಪತ್ರ ತೋರಿಸಿ ಅಂದರೆ ತಪ್ಪಿಲ್ಲ.

ಅದರ ಜೊತೆ ಇನ್ನು ಮೂರು ಕೇಳಲಿ. ಮರಿಯ ಅವ್ವ-ಅಪ್ಪನನ್ನು ಕಣ್ಣೆದುರು ತೋರಿಸಿ. ಅವೆರಡಕ್ಕೂ ತಮ್ಮತಮ್ಮಲ್ಲಿ ಏನು ನೆಂಟಸ್ತಿಕೆ? ದೊಡ್ಡ ತಳಿಯಾದರೆ ಸೊಂಟದ ಎಕ್ಸ್‌ರೇ, ಲ್ಯಾಬ್ರಡಾರ್ ಆದರೆ ಕಣ್ಣಿನ ರೋಗದ ಡಿಎನ್‌ಎ ಪರೀಕ್ಷೆ ಆಗಿದೆಯೇ? ಉತ್ತರ ಕೊಡಲು ತಡವರಿಸುವವನ ಕೈಯಲ್ಲಿ ಎಂಥ ಬಣ್ಣದ ಕಾಗದವಿದ್ದರೂ ಅಲ್ಲಿಂದ ಹೊರಡುವುದೇ ಲೇಸು. ಅಂಗಡಿಯಲ್ಲಿ ಒಂದು ಸೇರು ಬೇಳೆ ಕೊಳ್ಳುವಾಗ ಹುಳ ಇದೆಯೇ ಅಂತ ಅಂಗೈಗೆ ಹಾಕಿ ನೋಡುವ ಜನ, ಹತ್ತು ವರ್ಷ ಮನೆಯಲ್ಲಿರುವ ಜೀವವನ್ನು ಹೆಸರು ನೋಡಿ ಕೊಳ್ಳುವುದು ಯಾವ ವ್ಯಾಪಾರ?