ಟಚ್‌ಪ್ಯಾಡ್ ಸ್ತಬ್ಧವಾದೊಡನೆ ಲಿನಕ್ಸನ್ನು ಅಳಿಸದಿರಿ
ಕಾಸರಗೋಡಿನ ಕನ್ನಡ ಮಾಧ್ಯಮದ ಹೆತ್ತವರೇ, ಟಚ್‌ಪ್ಯಾಡ್ ಕೆಲಸಮಾಡಲಿಲ್ಲವೆಂದು ಮಗುವಿನ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದು ವಿಂಡೋಸ್ ಹಾಕಿಸದಿರಿ. ಕೇರಳದಲ್ಲಿ ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆ ನಡೆಯುವುದು ಉಬುಂಟು ಆಧಾರಿತ ವ್ಯವಸ್ಥೆಯಲ್ಲಿಯೇ. ಅದನ್ನು ಅಳಿಸಿದರೆ ಮನೆಯ ಅಭ್ಯಾಸವೂ ನಿಲ್ಲುತ್ತದೆ.

ಮೊದಲು ಕೀಲಿಮಣೆಯ ಮೇಲ್ಸಾಲಿನಲ್ಲಿ ಟಚ್‌ಪ್ಯಾಡಿನ ಚಿತ್ರವಿರುವ ಕೀಲಿಯನ್ನು ಎಫ್‌ಎನ್ ಜೊತೆಗೆ ಒತ್ತಿರಿ; ಮಕ್ಕಳ ಕೈತಾಗಿ ಅದು ಆರಿರಬಹುದು. ಬಾಣ ಚಲಿಸಿಯೂ ತಟ್ಟಿದಾಗ ಕ್ಲಿಕ್ ಆಗದಿದ್ದರೆ ಅದು ಡ್ರೈವರಿನ ದೋಷವೇ ಅಲ್ಲ, ಸೆಟ್ಟಿಂಗ್ಸ್‌ನಲ್ಲಿ ‘ಟ್ಯಾಪ್ ಟು ಕ್ಲಿಕ್’ ಆಯ್ಕೆಯನ್ನು ಚಾಲೂಗೊಳಿಸಿರಿ. ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ಸ್ತಬ್ಧವಾದರೆ, ಹಳೆಯ ಪಿಎಸ್/2 ಮಾದರಿಗಳಲ್ಲಿ, ‘ಪಿಎಸ್‌ಮೌಸ್’ ಡ್ರೈವರನ್ನು ಮೋಡ್‌ಪ್ರೋಬ್ ಆಜ್ಞೆಯಿಂದ ತೆಗೆದು ಮರಳಿ ಸೇರಿಸುವುದು ಹಲವೊಮ್ಮೆ ಸಾಕಾಗುತ್ತದೆ.

ಇಷ್ಟಕ್ಕೂ ಮಲಯಾಳ ಬಲ್ಲ ನೆರೆಯವರನ್ನೇ ಕಾಯಬೇಕೆ? ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಕನ್ನಡದಲ್ಲಿ ಒಂದು ಪುಟವಾಗಿ ಮುದ್ರಿಸಿಕೊಡುವಂತೆ ಕೇಳಿರಿ.